ಸಂಜೆಯಾದ ಮೇಲೆ ನುಗ್ಗೇಹಳ್ಳಿಯಲ್ಲಿ ಏನಿದೆ?

ಹಾಸನ ಜಿಲ್ಲೆಗೆ ಬರುವ ಪ್ರವಾಸಿಯ ದಿನಚರಿ ಬಹುಮಟ್ಟಿಗೆ ಒಂದೇ. ಬೆಳಕು ಹರಿಯುವ ಮುನ್ನ ಬೆಂಗಳೂರು ಬಿಡುವುದು, ಶ್ರವಣಬೆಳಗೊಳದ ಬೆಟ್ಟ ಹತ್ತಿ ಇಳಿಯುವುದು, ಬೇಲೂರಿನಲ್ಲಿ ಒಂದು ಸುತ್ತು, ಹಳೇಬೀಡಿನಲ್ಲಿ ಇನ್ನೊಂದು ಸುತ್ತು, ನಡುವೆ ಎಲ್ಲೋ ಒಂದು ಊಟ. ಹೊತ್ತು ಇಳಿಯುತ್ತಿದ್ದಂತೆ ಬಸ್ಸು ಮತ್ತೆ ಬೆಂಗಳೂರಿನ ದಾರಿ ಹಿಡಿಯುತ್ತದೆ. ದಾರಿಯಲ್ಲಿ ಚನ್ನರಾಯಪಟ್ಟಣ ಸಿಗುತ್ತದೆ. ಅಲ್ಲಿಂದ ತಿಪಟೂರಿನ ಕಡೆಗೆ ಹೊರಳುವ ರಸ್ತೆಯಲ್ಲಿ ನುಗ್ಗೇಹಳ್ಳಿ ಎಂಬ ಊರಿದೆ, ಆ ಊರಿನಲ್ಲಿ ಒಂದಲ್ಲ ಎರಡು ಹೊಯ್ಸಳ ದೇವಾಲಯಗಳಿವೆ ಎಂಬುದು ಬಸ್ಸಿನಲ್ಲಿ ತೂಕಡಿಸುತ್ತಿರುವ ಬಹಳ ಮಂದಿಗೆ ತಿಳಿದಿರುವುದಿಲ್ಲ. ತಿಳಿದವರಿಗೂ ಇಳಿಯಲು ಹೊತ್ತಿರುವುದಿಲ್ಲ.

ಇದರಲ್ಲಿ ನಷ್ಟ ಯಾರದು? ಹಗಲು ಬಂದು ಹೋಗುವ ಅತಿಥಿ ಊರಿಗೆ ಬಿಟ್ಟು ಹೋಗುವುದು ಒಂದು ಎಳನೀರಿನ ಬೆಲೆ, ಹೆಚ್ಚೆಂದರೆ ಒಂದು ಊಟದ ಬೆಲೆ. ಒಂದು ರಾತ್ರಿ ತಂಗುವ ಅತಿಥಿ ಕೋಣೆಯ ಬಾಡಿಗೆ ಕೊಡುತ್ತಾನೆ, ರಾತ್ರಿ ಉಣ್ಣುತ್ತಾನೆ, ಬೆಳಿಗ್ಗೆ ತಿಂಡಿ ತಿನ್ನುತ್ತಾನೆ, ಆಟೋ ಹತ್ತುತ್ತಾನೆ, ಅಂಗಡಿ ಬೀದಿಯಲ್ಲಿ ಅಡ್ಡಾಡುತ್ತಾನೆ. ಆದರೆ ಅವನು ಏಕೆ ತಂಗಬೇಕು? ಕತ್ತಲಾದ ಮೇಲೆ ಅವನಿಗೆ ನೋಡಲು ಏನಾದರೂ ಇದ್ದರೆ ತಾನೆ!

ನುಗ್ಗೇಹಳ್ಳಿಗೆ ವಿಜಯಸೋಮನಾಥಪುರ ಎಂಬ ಹಳೆಯ ಹೆಸರಿದೆ. ಹೊಯ್ಸಳ ದೊರೆ ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಇಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದ. ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹ ಎಂಬ ಮೂವರು ದೇವರಿಗೆ ಮೂರು ಗರ್ಭಗುಡಿಗಳಿರುವ ತ್ರಿಕೂಟ ಇದು. ಎತ್ತರದ ಜಗತಿಯ ಮೇಲೆ ನಿಂತು ಸುತ್ತು ಬಂದರೆ ಆನೆ, ಕುದುರೆ, ಬಳ್ಳಿ, ಪುರಾಣ ಕಥೆ, ಮಕರ, ಹಂಸ ಎಂದು ಪಟ್ಟಿಕೆಗಳು ಸಾಲುಸಾಲಾಗಿ ಜೊತೆಗೇ ಬರುತ್ತವೆ. ಶಿಲ್ಪಿಗಳ ಹೆಸರೂ ಉಳಿದಿವೆ: ಬೈಚೋಜ ಮತ್ತು ಮಲ್ಲಿತಮ್ಮ. ಬೈಚೋಜನ ವಿಗ್ರಹಗಳು ನೀಳವಾಗಿ, ಗಂಭೀರವಾಗಿ ನಿಂತರೆ ಮಲ್ಲಿತಮ್ಮನವುಗಳಲ್ಲಿ ಬಿರುಸು ಹೆಚ್ಚು. ಇದೇ ಮಲ್ಲಿತಮ್ಮ ಮುಂದೆ ಸೋಮನಾಥಪುರದಲ್ಲಿಯೂ ಉಳಿ ಹಿಡಿದವನು. ಊರಿನ ಇನ್ನೊಂದು ಗುಡಿ, 1249ರ ಸದಾಶಿವ ದೇವಾಲಯ, ಇದಕ್ಕೆ ತದ್ವಿರುದ್ಧ. ಅದರ ಗೋಡೆಗಳು ಬಹುಪಾಲು ಬರಿದು. ಚೆಲುವೆಲ್ಲ ನಾಗರ ಶೈಲಿಯ ಶಿಖರದಲ್ಲಿದೆ.

ಈ ಶಿಲ್ಪಗಳನ್ನು ನೋಡಲು ನಡುಮಧ್ಯಾಹ್ನ ಒಳ್ಳೆಯ ಹೊತ್ತಲ್ಲ. ನೆತ್ತಿಯ ಬಿಸಿಲಿನಲ್ಲಿ ಬಳಪದ ಕಲ್ಲಿನ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಸರಕ್ಕೂ ಪ್ರತಿ ಬೆರಳಿಗೂ ನೆರಳು ಮೂಡಿ, ಕಲ್ಲು ಮೈತುಂಬಿಕೊಳ್ಳುತ್ತದೆ. ನಮ್ಮ ಪ್ರವಾಸಿ ಬಸ್ಸು ಹತ್ತುವುದು ಸರಿಯಾಗಿ ಆ ಹೊತ್ತಿಗೆ!

ಸಂಜೆಯನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದಕ್ಕೆ ಜಪಾನಿನ ಕ್ಯೋಟೊ ನಗರ ಒಳ್ಳೆಯ ಉದಾಹರಣೆ. 794ರಿಂದ ಸಾವಿರಕ್ಕೂ ಹೆಚ್ಚು ವರ್ಷ ಜಪಾನಿನ ರಾಜಧಾನಿಯಾಗಿದ್ದ ಊರು ಅದು. ನಮ್ಮ ಹಾಸನ ಸೀಮೆಯಂತೆ ಅಲ್ಲಿಯೂ ಹಗಲೆಲ್ಲ ಗುಡಿಗಳದೇ ದರ್ಶನ. ಆದರೆ ಸಂಜೆಯಾದ ಮೇಲೆ ಊರು ಬಾಗಿಲು ಹಾಕಿಕೊಳ್ಳುವುದಿಲ್ಲ. ಬೇಸಗೆಯಲ್ಲಿ ಕಾಮೊ ನದಿಯ ದಡದ ಹೋಟೆಲುಗಳು ನೀರಿನ ಕಡೆಗೆ ಮರದ ಅಟ್ಟ ಕಟ್ಟಿ, ತಂಗಾಳಿಯಲ್ಲಿ ಊಟ ಬಡಿಸುತ್ತವೆ. ಕಿಯೊಮಿಜು ದೇವಾಲಯ ವರ್ಷದ ಕೆಲವೇ ರಾತ್ರಿಗಳಲ್ಲಿ ದೀಪ ಬೆಳಗಿಸಿ ಬಾಗಿಲು ತೆರೆಯುತ್ತದೆ. ಕೆಲವೇ ರಾತ್ರಿ ಎಂಬುದರಿಂದಲೇ ಜನ ಕಾದು ಹೋಗುತ್ತಾರೆ.

ಎಲ್ಲಕ್ಕಿಂತ ಜಾಣತನದ ಏರ್ಪಾಡು ಗಿಯಾನ್ ಬಡಾವಣೆಯದು. ಚಹಾ ವಿಧಿ, ಹೂವಿನ ಜೋಡಣೆ, ಕೋಟೊ ವಾದ್ಯ, ಆಸ್ಥಾನ ಸಂಗೀತ, ಕ್ಯೋಗೆನ್ ಎಂಬ ಹಾಸ್ಯ ನಾಟಕ, ಕ್ಯೋಟೊದ ನೃತ್ಯ, ಬುನ್‌ರಾಕು ಬೊಂಬೆಯಾಟ: ಹೀಗೆ ಏಳು ಕಲೆಗಳ ರುಚಿಯನ್ನು ಸುಮಾರು ಒಂದು ಗಂಟೆಯೊಳಗೆ ತೋರಿಸುವ ‘ಗಿಯಾನ್ ಕಾರ್ನರ್’ 1962ರಲ್ಲಿ ಅಲ್ಲಿ ಆರಂಭವಾಯಿತು. ಭಾಷೆ ತಿಳಿಯದ ಪರದೇಶಿಗೆ ಇಡೀ ನಾಟಕ ಭಾರವಾಗುತ್ತದೆ. ಹತ್ತು ನಿಮಿಷದ ತುಣುಕು ಹಾಗಲ್ಲ. ರುಚಿ ಹತ್ತಿದವನು ಮರುದಿನ ಪೂರ್ತಿ ಆಟಕ್ಕೆ ಟಿಕೇಟು ಕೊಳ್ಳಬಹುದು.

ಅಷ್ಟು ದೂರ ಏಕೆ, ಮೈಸೂರನ್ನೇ ನೋಡಿ. ಭಾನುವಾರ ಮತ್ತು ರಜಾ ದಿನಗಳ ಸಂಜೆ ಅರಮನೆಯಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ದೀಪ ಒಮ್ಮೆಗೇ ಹೊತ್ತಿಕೊಳ್ಳುವುದನ್ನು ನೋಡಲು, ಬೃಂದಾವನದ ಕಾರಂಜಿ ನೋಡಲು ಜನ ಮೈಸೂರಿನಲ್ಲಿ ಉಳಿಯುತ್ತಾರೆ. ಸಂಜೆ ಇರುವ ಊರಿಗೆ ರಾತ್ರಿಯೂ ಇರುತ್ತದೆ.

ಹಾಗಾದರೆ ಹಾಸನ ಸೀಮೆಗೆ ಸಂಜೆಯೇ ಇಲ್ಲವೆ? ಬೇಕಾದಷ್ಟಿದೆ. ಈ ಸೀಮೆಯ ಕಲೆಗಳೆಲ್ಲ ಹುಟ್ಟಾ ರಾತ್ರಿಯವು. ಚನ್ನರಾಯಪಟ್ಟಣ, ತಿಪಟೂರು, ನಾಗಮಂಗಲದ ಬಯಲು ಮೂಡಲಪಾಯ ಯಕ್ಷಗಾನದ ನಾಡು. ಸುಗ್ಗಿ ಮುಗಿದ ಮೇಲೆ ಊರ ಮುಂದೆ ರಂಗ ಕಟ್ಟಿ, ಮದ್ದಳೆ ಮುಖವೀಣೆಗಳ ಜೊತೆ ಭಾಗವತರು ಪದ ಎತ್ತಿದರೆ ಆಟ ಮುಗಿಯುವಾಗ ಪೂರ್ವದಲ್ಲಿ ಕೆಂಪು. ಮರೆವಿಗೆ ಸರಿಯುತ್ತಿದ್ದ ಈ ಕಲೆಯನ್ನು ವಿದ್ವಾಂಸರ ಕಣ್ಣಿಗೆ ತಂದವರಲ್ಲಿ ನಾಗಮಂಗಲ ತಾಲ್ಲೂಕಿನವರೇ ಆದ ಜೀ.ಶಂ. ಪರಮಶಿವಯ್ಯನವರು ಪ್ರಮುಖರು. ಯಕ್ಷಗಾನದ ಕಥೆಗಳನ್ನೇ ಆಡುವ ಸೂತ್ರದ ಗೊಂಬೆಗಳಿವೆ. ಬುನ್‌ರಾಕುವಿನ ಒಂದು ಬೊಂಬೆಗೆ ಮೂವರು ಬೇಕು. ನಮ್ಮಲ್ಲಿ ಒಬ್ಬನೇ ಮೇಲೆ ನಿಂತು ದಾರದಲ್ಲಿ ಭೀಮನನ್ನು ಕುಣಿಸುತ್ತಾನೆ. ಕೋಲಾಟವಿದೆ, ದೊಡ್ಡ ಮುಖವಾಡ ಹೊತ್ತ ಸೋಮನ ಕುಣಿತವಿದೆ.

ಇಲ್ಲದಿರುವುದು ನೋಡುವವರು. ಟಿ.ವಿ. ಬಂತು, ಅದರ ಹಿಂದೆ ಮೊಬೈಲು ಬಂತು. ರಾತ್ರಿಯಿಡೀ ಕೂರುವ ಪ್ರೇಕ್ಷಕ ಕರಗಿದ. ನೋಡುವವರಿಲ್ಲದೆ ಆಡುವವರಿಲ್ಲ, ಆಡುವವರಿಲ್ಲದೆ ಕಲಿಯುವವರಿಲ್ಲ. ಒಂದು ಕಡೆ ನೋಡಲು ಏನೂ ಇಲ್ಲವೆಂದು ಹೊರಟು ಹೋಗುವ ಪ್ರವಾಸಿ, ಇನ್ನೊಂದು ಕಡೆ ನೋಡಲು ಯಾರೂ ಇಲ್ಲವೆಂದು ಕುಳಿತ ಕಲಾವಿದ. ಇಬ್ಬರ ನಡುವೆ ಇರುವುದು ಕೆಲವೇ ಮೈಲಿ ದಾರಿ.

ಆ ದಾರಿ ಬೆಸೆಯಲು ದೊಡ್ಡ ಬಂಡವಾಳ ಬೇಡ. ವಾರಕ್ಕೊಂದು ಸಂಜೆ, ಶನಿವಾರವೇ ಇರಲಿ. ಬಿಸಿಲು ಓರೆಯಾದಾಗ ಎರಡೂ ದೇವಾಲಯಗಳ ದರ್ಶನ. ದೀಪ ಹಚ್ಚುವ ಹೊತ್ತಿಗೆ ಗುಡಿಯಿಂದ ದೂರದ ಬಯಲಿನಲ್ಲಿ ಅಥವಾ ಶಾಲೆಯ ಅಂಗಳದಲ್ಲಿ ಒಂದು ಗಂಟೆಯ ಆಟ: ಇಪ್ಪತ್ತು ನಿಮಿಷ ಗೊಂಬೆ, ಅರ್ಧ ಗಂಟೆ ಮೂಡಲಪಾಯ, ಕೊನೆಗೆ ಕೋಲಾಟ. ಆಮೇಲೆ ಬಿಸಿ ಮುದ್ದೆ, ಸೊಪ್ಪಿನ ಸಾರು. ತಂಗಲು ಚನ್ನರಾಯಪಟ್ಟಣವೋ ಹಾಸನವೋ ಇದ್ದೇ ಇದೆ. 2017ರಿಂದ ಬೆಂಗಳೂರು–ಹಾಸನ ನೇರ ರೈಲು ಮಾರ್ಗವೂ ಚನ್ನರಾಯಪಟ್ಟಣದ ಮೇಲೆಯೇ ಹಾದಿದೆ.

ಎಚ್ಚರಿಕೆಯ ಪಾಠವನ್ನೂ ಕ್ಯೋಟೊದಿಂದಲೇ ಕಲಿಯಬೇಕು. ಅಲ್ಲಿ ಗಿಯಾನಿನ ಓಣಿಗಳಲ್ಲಿ ಪ್ರವಾಸಿಗರು ಗೈಕೊಗಳನ್ನು ಅಟ್ಟಿಸಿಕೊಂಡು ಹೋಗಿ ಫೋಟೊ ತೆಗೆಯುವ ಕಾಟ ಹೆಚ್ಚಾಗಿ, 2024ರಲ್ಲಿ ಖಾಸಗಿ ಓಣಿಗಳಿಗೆ ಹೊರಗಿನವರು ಕಾಲಿಡಬಾರದು, ಇಟ್ಟರೆ ಹತ್ತು ಸಾವಿರ ಯೆನ್ ದಂಡ ಎಂದು ಫಲಕ ಹಾಕಬೇಕಾಯಿತು. ಊರಿನವರನ್ನು ಕೇಳದೆ ಊರನ್ನು ಪ್ರದರ್ಶನಕ್ಕಿಟ್ಟರೆ ಹೀಗಾಗುತ್ತದೆ. ಸೋಮನ ಕುಣಿತ ಗ್ರಾಮದೇವತೆಯ ಸೇವೆ. ಅದನ್ನು ಶನಿವಾರದ ಮನರಂಜನೆ ಮಾಡುವುದು ಸಲ್ಲದು. ಯಾವುದನ್ನು ಆಡಿ ತೋರಿಸಬಹುದು, ಯಾವುದಕ್ಕೆ ಜಾತ್ರೆಯ ದಿನವೇ ಬರಬೇಕು ಎಂಬುದನ್ನು ಊರು ನಿರ್ಧರಿಸಲಿ. ಟಿಕೇಟಿನ ಹಣವೂ ಮೊದಲು ಕಲಾವಿದನ ಕೈ ಸೇರಲಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನುಗ್ಗೇಹಳ್ಳಿ ಆ ಪಟ್ಟಿಯಲ್ಲಿಲ್ಲ. ಪಟ್ಟಿಗೆ ಸೇರಿದ ಊರುಗಳಿಗೆ ಹಗಲು ಪ್ರವಾಸಿಗಳು ಹೇಗೂ ಬರುತ್ತಾರೆ. ಪಟ್ಟಿಯಲ್ಲಿಲ್ಲದ ಊರು ಸಂಜೆಯನ್ನು ತನ್ನದಾಗಿಸಿಕೊಳ್ಳಬಹುದು. ಮಲ್ಲಿತಮ್ಮ, ಬೈಚೋಜರು ತಮ್ಮ ಪಾಲಿನ ಕೆಲಸ ಮುಗಿಸಿ ಏಳೂ ಮುಕ್ಕಾಲು ಶತಮಾನ ಕಳೆಯಿತು. ಉಳಿದದ್ದು ಒಂದು ಗಂಟೆಯ ಆಟ, ಒಂದು ಮದ್ದಳೆ, ನಾಲ್ಕು ಸಾಲು ಚಾಪೆ.