ಹಿಮದ ಮೇಲಿನ ರಜೆ: ಬೆಲೆಪಟ್ಟಿಯಲ್ಲಿ ಇಲ್ಲದ್ದು

ವೈಟ್‌ಫೀಲ್ಡ್ ಭಾಗದ ನಮ್ಮ ಮಕ್ಕಳು ‘ಹಿಮ’ವನ್ನು ಮೊದಲು ಕಂಡದ್ದು 2015ರಲ್ಲಿ, ವರ್ತೂರು ಕೆರೆಯ ಕೋಡಿಯ ಬಳಿ. ಕೊಳಚೆ ನೀರಿನ ಬಿಳಿ ನೊರೆ ಗಾಳಿಗೆ ಹಾರಿ ರಸ್ತೆಗೆ ಬೀಳುತ್ತಿದ್ದಾಗ ಬೆಂಗಳೂರು ಕಾಶ್ಮೀರವಾಯಿತೆಂದು ನಗೆಯಾಡಿದವರೂ ಉಂಟು. ಅದೇ ಬಡಾವಣೆಗಳ ಮಕ್ಕಳು ಈಗ ನಿಜವಾದ ಹಿಮದ ಮೇಲೆ ಜಾರಲು ಹೊರಟಿದ್ದಾರೆ. ದೀಪಾವಳಿ ಕಳೆಯಿತೆಂದರೆ ನಮ್ಮ ವಸತಿ ಸಮುಚ್ಚಯದ ಲಿಫ್ಟಿನಲ್ಲಿ ಕೇಳಿಬರುವ ಹೆಸರುಗಳು ಗುಡೌರಿ, ಶಿಮ್‌ಬುಲಾಕ್, ಕರಾಕೋಲ್. ಟಿಬಿಲಿಸಿ, ಬಿಷ್ಕೆಕ್‌ಗಳ ಹೆಸರನ್ನು ನಮ್ಮ ತಲೆಮಾರಿನವರು ಓದಿದ್ದು ವೈದ್ಯಕೀಯ ಸೀಟು ಕೊಡಿಸುವವರ ಜಾಹೀರಾತುಗಳಲ್ಲಿ ಮಾತ್ರ.

ಡಿಸೆಂಬರ್ ಕೊನೆಯ ವಾರವೇ ಏಕೆ ಎಂಬುದಕ್ಕೆ ಅರ್ಥಶಾಸ್ತ್ರದ ಉತ್ತರವಿದೆ. ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ದಸರೆಗೆ. ಉತ್ತರ ಗೋಳಾರ್ಧದಲ್ಲಿ ಸ್ಕೀಯಿಂಗ್ ನಡೆಯುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಇವೆರಡೂ ಕೂಡುವುದಿಲ್ಲ. ಆದರೆ ಅಮೆರಿಕದ ಗ್ರಾಹಕ ಕ್ರಿಸ್‌ಮಸ್‌ಗೆ ಕಚೇರಿ ಮುಚ್ಚಿದರೆ ಎಲೆಕ್ಟ್ರಾನಿಕ್ ಸಿಟಿಗೂ ಒಂದು ವಾರದ ಬಿಡುವು. ಹೀಗೆ ಬೆಂಗಳೂರಿನ ಕುಟುಂಬವೊಂದು ಕಾಕಸಸ್ ಪರ್ವತಕ್ಕೆ ಯಾವಾಗ ಹೋಗಬೇಕೆಂಬುದು ನ್ಯೂಜೆರ್ಸಿಯಲ್ಲಿ ತೀರ್ಮಾನವಾಗುತ್ತದೆ. (ಆಫ್ರಿಕಾದ ಪುಟ್ಟ ಲೆಸೋಥೊ ದೇಶದಲ್ಲಿ ಮೂರು ಸಾವಿರ ಮೀಟರ್ ಎತ್ತರದಲ್ಲಿ ಜೂನ್-ಜುಲೈನಲ್ಲೂ ಸ್ಕೀಯಿಂಗ್ ಉಂಟು, ಆಗ ನಮ್ಮಲ್ಲಿ ಶಾಲೆ ಆರಂಭವಾಗಿರುತ್ತದೆ.)

ನನ್ನ ಮಗಳ ಮನೆಯಲ್ಲಿ ಈ ಚರ್ಚೆ ಎದ್ದದ್ದು 2023ರಲ್ಲಿ. ‘ಅಪ್ಪಾ, ಸ್ವಿಟ್ಜರ್ಲೆಂಡಿಗೆ ಆಗೋ ಖರ್ಚಲ್ಲಿ ಅರ್ಧಕ್ಕೂ ಕಡಿಮೇಲಿ ಜಾರ್ಜಿಯಾ ಮುಗಿಯತ್ತಂತೆ, ನೀವೂ ಅಮ್ಮನೂ ಬನ್ನಿ’ ಎಂದಳು. ಸೇವೆಯಲ್ಲಿದ್ದಾಗ ಕೆಲವು ವರ್ಷ ಪೀಣ್ಯದ ಸಣ್ಣ ಕೈಗಾರಿಕೆಗಳೊಡನೆ ವ್ಯವಹರಿಸಿದವನು ನಾನು. ಅಲ್ಲಿನ ಮಾಲೀಕ ಲೇತ್ ಯಂತ್ರ ಕೊಳ್ಳುವಾಗ ಬೆಲೆಪಟ್ಟಿಯನ್ನಷ್ಟೇ ನೋಡುವುದಿಲ್ಲ. ಸಾಗಣೆ, ಸುಂಕ, ಅಳವಡಿಕೆ, ಬಿಡಿಭಾಗ, ಕೆಟ್ಟರೆ ರಿಪೇರಿಗೆ ಬರುವವನು ಯಾರು, ಎಲ್ಲವನ್ನೂ ಕೂಡಿಸಿ ನೋಡುತ್ತಾನೆ. ಅದೇ ದೃಷ್ಟಿಯಿಂದ ನಾನೂ ಲೆಕ್ಕಕ್ಕೆ ಕುಳಿತೆ.

ಮೊದಲು ತಿಳಿದದ್ದು, ಹೊಸಬನಿಗೆ ಹೆಸರಾಂತ ಪರ್ವತ ಬೇಕಿಲ್ಲವೆಂಬುದು. ಜೀವನದಲ್ಲಿ ಮೊದಲ ಬಾರಿ ಸ್ಕೀ ಕಟ್ಟಿಕೊಂಡವನು ವಾರವಿಡೀ ಕಳೆಯುವುದು ಕೆಲವೇ ನೂರು ಅಡಿಗಳ ಇಳಿಜಾರಿನಲ್ಲಿ. ಆಲ್ಪ್ಸ್‌ನ ನೂರಾರು ಕಿಲೋಮೀಟರ್ ಜಾರುದಾರಿಗೆ ಹಣ ತೆತ್ತು ಅದರ ಮೂಲೆಯೊಂದರಲ್ಲಿ ಬೀಳುತ್ತ ಏಳುತ್ತ ಇರುವುದು ದುಂದು. ಬೇಕಾದದ್ದು ಸೌಮ್ಯವಾದ ಇಳಿಜಾರು, ಕಾಲಿಗೆ ಸರಿಹೊಂದುವ ಬೂಟು, ನಮ್ಮ ಭಾಷೆಯಲ್ಲದಿದ್ದರೂ ನಮಗೆ ತಿಳಿಯುವ ಭಾಷೆಯಲ್ಲಿ ಹೇಳಿಕೊಡುವ ತಾಳ್ಮೆಯ ಶಿಕ್ಷಕ. ಇದು ಗುಲ್ಮಾರ್ಗ್‌ನಲ್ಲೂ ಔಲಿಯಲ್ಲೂ ಸಿಗುತ್ತದೆ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ತರಬೇತಿ ಸಂಸ್ಥೆಯೇ ಇದೆ. ಕನ್ನಡಿಗರಿಗೂ ಹಿಮಕ್ಕೂ ನಂಟಿಲ್ಲವೆನ್ನುವವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನು ನೆನೆಯಬೇಕು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನ ಚಿನ್ನ ತಂದವರು. 2024ರ ಆ ಕೂಟದ ಪದಕಪಟ್ಟಿಯಲ್ಲಿ ಸೇನೆಯ ನಂತರದ ಸ್ಥಾನ ಕರ್ನಾಟಕದ್ದು.

ವಿದೇಶವೇ ಆಗಬೇಕೆಂದರೆ ನನ್ನ ಆಯ್ಕೆ ಕಜಾಕಸ್ತಾನ. 2022ರ ಜುಲೈನಿಂದ ಭಾರತೀಯರು ಅಲ್ಲಿ 14 ದಿನ ವೀಸಾ ಇಲ್ಲದೆ ಇರಬಹುದು. ಅಲ್ಮಾಟಿ ದೊಡ್ಡ ನಗರ. ಅದರ ಬೆನ್ನಿಗೇ ಪರ್ವತ. ಸೋವಿಯತ್ ಕಾಲದ ಮೆಡೆಯು ಹಿಮ ಕ್ರೀಡಾಂಗಣದ ಬಳಿ ಗೊಂಡೋಲಾ ಹತ್ತಿದರೆ ಸುಮಾರು 2,200 ಮೀಟರ್ ಎತ್ತರದ ಶಿಮ್‌ಬುಲಾಕ್‌ಗೆ ಮುಟ್ಟಿಸುತ್ತದೆ; ಮೇಲಿನ ತುದಿ 3,200 ಮೀಟರ್. ನಗರದಲ್ಲೇ ವಾಸ್ತವ್ಯ ಹೂಡಿ ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ್ದರಿಂದ ಬೆಟ್ಟದ ಹೋಟೆಲಿನ ಬಾಡಿಗೆ ಉಳಿಯುತ್ತದೆ, ಆಸ್ಪತ್ರೆಯೂ ಹತ್ತಿರ. ಕಿರ್ಗಿಸ್ತಾನದ ಕರಾಕೋಲ್ ಇನ್ನೂ ಅಗ್ಗ, ಕಾಡು ಸುಂದರ. ಆದರೆ ಬಿಷ್ಕೆಕ್‌ನಿಂದ ಇಸ್ಸಿಕ್‌ಕುಲ್ ಸರೋವರವನ್ನು ಬಳಸಿ ಸುಮಾರು 400 ಕಿ.ಮೀ. ರಸ್ತೆ, ವಾರದ ರಜೆಯಲ್ಲಿ ಎರಡು ದಿನ ಕಾರಿಗೇ ಹೋದೀತು. ಬಲ್ಗೇರಿಯಾದ ಬಾನ್ಸ್ಕೊ ಯುರೋಪಿನವರಿಗೆ ಅಗ್ಗ. ನಮಗೋ ಷೆಂಗೆನ್ ವೀಸಾದ ಸರದಿ ಕಾಯಬೇಕು.

ಮಗಳು ಅದಾಗಲೇ ಜಾರ್ಜಿಯಾ ಎಂದು ನಿಶ್ಚಯಿಸಿದ್ದಳು. ದೆಹಲಿಯಿಂದ ಟಿಬಿಲಿಸಿಗೆ ಆ ವರ್ಷವಷ್ಟೇ ನೇರ ವಿಮಾನ ಆರಂಭವಾಗಿತ್ತು. ಅಲ್ಲಿಂದ ಗುಡೌರಿ ಸುಮಾರು 120 ಕಿ.ಮೀ., ರಷ್ಯಾದ ತ್ಸಾರರ ಸೈನ್ಯ ಸಾಗಿದ ಹಳೆಯ ಹೆದ್ದಾರಿಯ ಮೇಲೆ. ಹಳ್ಳಿ ಇರುವುದು ಸುಮಾರು 2,200 ಮೀಟರ್ ಎತ್ತರದಲ್ಲಿ. ಮರಗಳಿಲ್ಲದ ವಿಶಾಲ ಬಯಲು ಇಳಿಜಾರು. ಮೊಮ್ಮಗ ಮೂರನೆಯ ದಿನಕ್ಕೆ ಜಾರತೊಡಗಿದ. ಅಳಿಯಂದಿರು ನಾಲ್ಕನೆಯ ದಿನ ಮೊಣಕಾಲು ತಿರುಚಿಕೊಂಡರು. ಆಗಲೇ ನಾವು ವಿಮಾಪತ್ರದ ಸಣ್ಣ ಅಕ್ಷರಗಳನ್ನು ಓದಿದ್ದು. ಏಜೆಂಟರು ಪ್ಯಾಕೇಜಿನೊಡನೆ ಕೊಡಿಸಿದ್ದ ವಿಮೆ ‘ಚಳಿಗಾಲದ ಕ್ರೀಡೆ’ಗಳನ್ನು ಹೊರತುಪಡಿಸಿತ್ತು! ಸ್ಕೀಯಿಂಗ್ ಪ್ರವಾಸಕ್ಕೆಂದೇ ಮಾರಿದ ವಿಮೆ ಅದು. 2026ರ ಜನವರಿಯಿಂದ ಜಾರ್ಜಿಯಾ ಪ್ರವಾಸಿಗರಿಗೆ ವಿಮೆಯನ್ನು ಕಡ್ಡಾಯ ಮಾಡಿದೆ. ಆದರೂ ಸ್ಕೀಯಿಂಗ್ ಗಾಯ, ಪರ್ವತದಿಂದ ಕೆಳಗಿಳಿಸುವ ವೆಚ್ಚ ಇವು ಸೇರಿವೆಯೇ ಎಂದು ಓದಿನೋಡುವುದು ಹೋಗುವವರ ಹೊಣೆಯೇ.

ಅಂದು ಸಂಜೆ ಕುಂಟುತ್ತ ಬಂದ ಅಳಿಯಂದಿರನ್ನು ಕೂರಿಸಿಕೊಂಡು ನಾವು ಉಂಡದ್ದು ಗುಡೌರಿಯ ಭಾರತೀಯ ಹೋಟೆಲೊಂದರಲ್ಲಿ. ನನ್ನಾಕೆ ಸಸ್ಯಾಹಾರಿ, ಐದು ದಿನ ಬ್ರೆಡ್ಡು, ಚೀಸಿನಲ್ಲಿ ಕಳೆದವಳಿಗೆ ಬಿಸಿ ಅನ್ನ, ದಾಲ್ ಕಂಡು ಕಣ್ಣು ತುಂಬಿತು. ಬಡಿಸಿದವನು ಇಪ್ಪತ್ತರ ಆಸುಪಾಸಿನ ಪಂಜಾಬಿ ಹುಡುಗ. ‘ಮಾತಾಜಿ, ಇನ್ನೊಂದು ರೊಟ್ಟಿ’ ಎಂದು ಹಿಂದಿಯಲ್ಲಿ ಒತ್ತಾಯಿಸಿ ಹಾಕಿದ. ಎಲ್ಲಿ ಇರುತ್ತೀಯಪ್ಪಾ ಎಂದು ಕೇಳಿದ್ದಕ್ಕೆ ಮಹಡಿಯತ್ತ ಕೈ ತೋರಿಸಿದ.

ವರ್ಷ ತುಂಬುವುದರೊಳಗೆ, 2024ರ ಡಿಸೆಂಬರ್ 14ರಂದು, ಗುಡೌರಿಯ ಭಾರತೀಯ ಹೋಟೆಲೊಂದರ ಮೇಲಂತಸ್ತಿನಲ್ಲಿ 12 ಶವಗಳು ಸಿಕ್ಕವು. ಹನ್ನೊಂದು ಮಂದಿ ಭಾರತೀಯರು, ಒಬ್ಬ ಜಾರ್ಜಿಯಾದ ಪ್ರಜೆ. ಎಲ್ಲರೂ ಅಲ್ಲಿನ ನೌಕರರು. ಹಿಂದಿನ ರಾತ್ರಿ ವಿದ್ಯುತ್ ಹೋದಾಗ ಮಲಗುವ ಕೋಣೆಗಳ ಬಳಿಯ ಮುಚ್ಚಿದ ಜಾಗದಲ್ಲಿ ಜನರೇಟರ್ ಚಾಲೂ ಮಾಡಲಾಗಿತ್ತು. ಕಾರ್ಬನ್ ಮಾನಾಕ್ಸೈಡ್ ನಿದ್ರೆಯಲ್ಲೇ ಅವರನ್ನು ಕೊಂದಿತು. ಬಣ್ಣವಿಲ್ಲ, ವಾಸನೆಯಿಲ್ಲ, ಎಬ್ಬಿಸುವುದಿಲ್ಲ. ನಾವು ಉಂಡ ಹೋಟೆಲು ಅದಲ್ಲವೆಂದು ಅಳಿಯಂದಿರು ನಕ್ಷೆ ತೆಗೆದು ತೋರಿಸಿದರು. ನನ್ನಾಕೆಗೆ ಸಮಾಧಾನವಾಗಲಿಲ್ಲ. ಆ ಹುಡುಗನ ಹೆಸರನ್ನೇ ಕೇಳಿರಲಿಲ್ಲವಲ್ಲ ಎಂದಳು.

ಇದನ್ನು ಬಡ ದೇಶಗಳ ಮೇಲಿನ ಆರೋಪವಾಗಿ ಬರೆಯುತ್ತಿಲ್ಲ. 2025ರ ಜನವರಿಯಲ್ಲಿ ಟರ್ಕಿಯ ಕಾರ್ತಾಲ್‌ಕಾಯ ಸ್ಕೀ ಹೋಟೆಲಿನ ಬೆಂಕಿ 78 ಜೀವ ತೆಗೆದುಕೊಂಡಿತು. 2026ರ ಹೊಸ ವರ್ಷದ ರಾತ್ರಿ ಶ್ರೀಮಂತ ಸ್ವಿಟ್ಜರ್ಲೆಂಡಿನ ಕ್ರಾನ್ಸ್-ಮೊಂಟಾನಾದ ಬಾರಿನಲ್ಲೂ ಬೆಂಕಿಗೆ ಹಲವರು ಬಲಿಯಾದರು. ನನ್ನ ತಕರಾರು ಬೆಲೆಪಟ್ಟಿಯ ಬಗ್ಗೆ. ಬೆಲೆ ಅರ್ಧವಾದಾಗ ಉಳಿದರ್ಧವನ್ನು ಯಾರೋ ಎಲ್ಲಿಯೋ ತೆರುತ್ತಿರುತ್ತಾರೆ. ಕೆಲವು ಬಾರಿ ಅದು ಸೋವಿಯತ್ ಕಾಲದಲ್ಲಿ ಹೂಡಿದ ಬಂಡವಾಳ, ಕೆಲವು ಬಾರಿ ಅಗ್ಗದ ಕರೆನ್ಸಿ. ಇವು ನ್ಯಾಯವಾದ ಲಾಭಗಳೇ. ಮತ್ತೆ ಕೆಲವು ಬಾರಿ ಅಡುಗೆಯವನು ಜನರೇಟರಿನ ಪಕ್ಕ ಮಲಗುವುದರಿಂದ ಉಳಿದ ಬಾಡಿಗೆ. ಪೀಣ್ಯದ ಶೆಡ್ಡುಗಳಲ್ಲಿ, ಯಂತ್ರದ ಬಳಿಯೇ ಚಾಪೆ ಹಾಸಿ ಮಲಗುತ್ತಿದ್ದ ಹೊರರಾಜ್ಯದ ಕಾರ್ಮಿಕರನ್ನು ಕಂಡವನಿಗೆ ಇದು ಹೊಸತೇನಲ್ಲ. ಆಗ ವರದಿ ಬರೆದಿದ್ದೆ. ಕಡತ ಮುಂದೆ ಹೋಯಿತು, ಅಷ್ಟೆ.

ಈ ಡಿಸೆಂಬರ್‌ಗೆ ಅಲ್ಮಾಟಿ ಎಂದು ತೀರ್ಮಾನವಾಗಿದೆ. ಚಳಿಗಾಲದ ಕ್ರೀಡೆಯನ್ನು ಒಳಗೊಂಡ ವಿಮೆಯನ್ನು ಈ ಸಲ ಅಳಿಯಂದಿರೇ ಓದಿ ಕೊಂಡಿದ್ದಾರೆ. ಅಂಗೈಯಗಲದ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯೊಂದನ್ನು ತರಿಸಿ ಮೊಮ್ಮಗನ ಕೈಗವಸುಗಳ ಜೊತೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಹೋಟೆಲಿಗೆ ನಾನೇ ಇ-ಮೇಲ್ ಬರೆದು ಎರಡು ಪ್ರಶ್ನೆ ಕೇಳಿದೆ: ಜನರೇಟರ್ ಎಲ್ಲಿದೆ, ನಿಮ್ಮ ಅಡುಗೆಯವರು ರಾತ್ರಿ ಮಲಗುವುದು ಎಲ್ಲಿ? ಮೊದಲನೆಯದಕ್ಕೆ ಮರುದಿನವೇ ಉತ್ತರ ಬಂತು, ಕಟ್ಟಡದ ಹೊರಗೆ ಎಂದು. ಎರಡನೆಯದನ್ನು ಮತ್ತೊಮ್ಮೆ ಬರೆದು ಕೇಳಿದ್ದೇನೆ.