ಒಂಬತ್ತಕ್ಕೇ ಊಟ
ಮುಂಬೈಯಲ್ಲಿ ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಲೋಕಲ್ ಇಳಿದು ರಾತ್ರಿ 9ಕ್ಕೆ ಮನೆ ಸೇರಿ ಒಲೆ ಹಚ್ಚಿದರೆ ಊಟಕ್ಕೆ ಹತ್ತೂವರೆ. ಅಷ್ಟರಲ್ಲಿ ಮಗಳು ಬಿಸ್ಕತ್ತು ತಿಂದು ಸೋಫಾದ ಮೇಲೆಯೇ ನಿದ್ದೆ ಹೋಗಿರುತ್ತಿದ್ದಳು. ಆ ಸಂಕಟಕ್ಕೇ ಸ್ಲೋ ಕುಕ್ಕರ್ ಕೊಂಡೆವು.

ಮೊದಲು ಮಾಡಿದ್ದು ಗೋವಾ ಸಾಸೇಜ್ ಮತ್ತು ಆಲೂಗಡ್ಡೆ. ಪ್ರೆಶರ್ ಕುಕ್ಕರಿನ ಲೆಕ್ಕದಲ್ಲಿ ನೀರು ಸುರಿದೆ, ರೂಢಿಯಂತೆ ಉಪ್ಪೂ ಹಾಕಿದೆ. ಉಪ್ಪುಪ್ಪಾದ ನೀರುಸಾರಾಯಿತು! ಸ್ಲೋ ಕುಕ್ಕರಿನಲ್ಲಿ ನೀರು ಅಷ್ಟಾಗಿ ಬತ್ತುವುದಿಲ್ಲ. ವಿನೆಗರ್, ಕೆಂಪು ಮೆಣಸಿನಲ್ಲಿ ಹದಗೊಂಡ ಆ ಹಂದಿಮಾಂಸದಲ್ಲಿ ಉಪ್ಪು, ಕೊಬ್ಬು ಮೊದಲೇ ಇರುತ್ತವೆ.

ಈಗ ಅರ್ಧ ಕಿಲೋ ಆಲೂಗಡ್ಡೆ ಹೆಚ್ಚಿ ತಳಕ್ಕೆ ಹಾಕುತ್ತೇನೆ. ಮಾಂಸಕ್ಕಿಂತ ಅದು ಬೇಯುವುದೇ ನಿಧಾನ. ಮೇಲೆ ಎರಡು ಈರುಳ್ಳಿ, ದಾರ-ಸಿಪ್ಪೆ ಬಿಡಿಸಿದ ಕಾಲು ಕಿಲೋ ಸಾಸೇಜ್, ಅರ್ಧ ಲೋಟ ನೀರು. ಎಣ್ಣೆ, ಉಪ್ಪು ಬೇಡ. ಕಡಿಮೆ ಶಾಖದಲ್ಲಿ 8 ಗಂಟೆ. ಮುಚ್ಚಳ ತೆರೆದು ನೋಡುವಂತಿಲ್ಲ. ಬೆಂದ ಮೇಲೆ ಕುಕ್ಕರ್ ತಾನಾಗಿಯೇ ಬಿಸಿ ಕಾಯುತ್ತದೆ.

ಬೆಳಿಗ್ಗೆ ಹತ್ತು ನಿಮಿಷದ ಕೆಲಸ ಅಷ್ಟೆ. ರಾತ್ರಿ ಚಪ್ಪಲಿ ಬಿಟ್ಟವರೇ ತಟ್ಟೆ ಹಾಕುತ್ತೇವೆ. ಕೆಂಪು ರಸ ಹೀರಿದ ಆಲೂಗಡ್ಡೆಯನ್ನೇ ಆರಿಸಿಕೊಂಡು, ಪಾವ್ ಅದ್ದಿ ತಿನ್ನುತ್ತಾ ಮಗಳು ಶಾಲೆಯ ಕತೆ ಹೇಳುತ್ತಾಳೆ. ಇಷ್ಟು ದಿನ ಅದನ್ನು ಕೇಳುತ್ತಿದ್ದುದು ಭಾನುವಾರ ಮಾತ್ರ.