ಹಣ್ಣೆಲೆ ಮಾರಿ ಚಿಗುರೆಲೆ ಕೊಂಡವರು

2024ರ ಸೆಪ್ಟೆಂಬರ್ 27ರ ರಾತ್ರಿ ಅಮೆರಿಕದ ಡೆಟ್ರಾಯಿಟ್ ನಗರದ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಒಂದೇ ಗಳಿಗೆಯಲ್ಲಿ ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಸೂತಕ ಎಂಬಂತಾಯಿತು. ಆತಿಥೇಯರಾದ ಟೈಗರ್ಸ್ ತಂಡದವರು ನಾಲ್ಕಕ್ಕೆ ಒಂದರಂತೆ ಗೆದ್ದು, ಹತ್ತು ವರ್ಷಗಳ ತರುವಾಯ ಕೊನೆಯ ಘಟ್ಟದ ಪಂದ್ಯಾವಳಿಗೆ ಅರ್ಹರಾದರು. ಸೋತ ಶಿಕಾಗೋ ವೈಟ್ ಸಾಕ್ಸ್ ತಂಡದವರಾದರೋ ಆ ಋತುವಿನ ತಮ್ಮ 121ನೆಯ ಸೋಲನ್ನುಂಡು ಮೈದಾನದಿಂದ ಹೊರನಡೆದರು. ಮೇಜರ್ ಲೀಗಿನಲ್ಲಿ ಒಂದು ಋತುವಿಗೆ 162 ಪಂದ್ಯಗಳು. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ 120ನ್ನು ಸೋತು ಸಂಪಾದಿಸಿದ್ದ ಅಪಕೀರ್ತಿ ಅರುವತ್ತೆರಡು ವರ್ಷ ಅಚಲವಾಗಿ ನಿಂತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಿಂದೀಚೆಗೆ ಅಷ್ಟು ಪಂದ್ಯಗಳನ್ನು ಸೋತವರು ಯಾರೂ ಇರಲಿಲ್ಲ. ಆ ದಾಖಲೆ ಅಂದು ಶಿಕಾಗೋದ ಪಾಲಾಯಿತು.

ಅದೇ ವರ್ಷ, ಅದೇ ಆಟದಲ್ಲಿ, ಅಟ್ಲಾಂಟಾದ ತಂಡದಲ್ಲಿದ್ದ ಮೂವತ್ತೈದರ ಪ್ರಾಯದ ಕ್ರಿಸ್ ಸೇಲ್ ಎಂಬ ಎಡಗೈ ಪಿಚರ್ 18 ಪಂದ್ಯಗಳನ್ನು ಗೆದ್ದು, ಮೂರನ್ನು ಮಾತ್ರ ಸೋತು, 225 ದಾಂಡಿಗರನ್ನು ಚೆಂಡು ತಾಗಿಸಗೊಡದೆ ಹಿಂದಕ್ಕಟ್ಟಿ, ತನ್ನ ಲೀಗಿನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನು ಪಡೆದನು. ಕ್ರಿಕೆಟ್ಟಿನ ಬೌಲರ್ ಇದ್ದಂತೆ ಬೇಸ್‌ಬಾಲಿನ ಪಿಚರ್. ಆದರೆ ತಂಡದ ಅದೃಷ್ಟ ಅವನ ಕೈಯಲ್ಲಿರುವಷ್ಟು ನಮ್ಮ ಬೌಲರನ ಕೈಯಲ್ಲಿರುವುದಿಲ್ಲ. ಈ ಸೇಲ್ ಒಂದು ಕಾಲಕ್ಕೆ ವೈಟ್ ಸಾಕ್ಸ್ ತಂಡದ ಕಣ್ಮಣಿಯಾಗಿದ್ದವನು. 2016ರ ಡಿಸೆಂಬರಿನಲ್ಲಿ, ಭವಿಷ್ಯವನ್ನು ಕಟ್ಟಬೇಕೆಂಬ ಹಂಬಲದಿಂದ, ಆ ತಂಡದವರೇ ಅವನನ್ನು ಪರರಿಗೆ ಕೊಟ್ಟರು. ಅವರು ಕಟ್ಟಬಯಸಿದ ಭವಿಷ್ಯದೊಳಗೆ 2024 ಕೂಡ ಬರುತ್ತಿತ್ತು.

ಸೋಲುತ್ತಿರುವ ತಂಡವೊಂದು ತನ್ನ ಹಿರಿಯರನ್ನು ಕೊಟ್ಟು ಭರವಸೆಯ ಕಿರಿಯರನ್ನು ತರುವುದು ಜಾಣತನವೋ, ಜೂಜೋ? ಅಮೆರಿಕದಲ್ಲಿ ಪ್ರತಿವರ್ಷ ಜುಲೈ ಕೊನೆಯ ಹೊತ್ತಿಗೆ, ವಿನಿಮಯದ ಗಡುವು ಹತ್ತಿರವಾದಂತೆ, ಮನೆಮನೆಯಲ್ಲಿಯೂ ಈ ಚರ್ಚೆ ಏಳುತ್ತದೆ. ರಣಜಿ ಪಂದ್ಯಗಳನ್ನು ನೋಡಿ ಬೆಳೆದ ನಮಗೆ ಆಟಗಾರನನ್ನು ಕೊಟ್ಟು ಕೊಳ್ಳುವ ಕಲ್ಪನೆಯೇ ವಿಚಿತ್ರವಾಗಿತ್ತು. 2008ರಲ್ಲಿ ಐಪಿಎಲ್ ಹರಾಜು ಬಂದ ಮೇಲೆ ವಿಚಿತ್ರವಾಗಿ ಉಳಿದಿಲ್ಲ. ಆದರೂ ಅಲ್ಲಿಗೂ ಇಲ್ಲಿಗೂ ಭೇದವಿದೆ. ಬೇಸ್‌ಬಾಲಿನಲ್ಲಿ ಹರಾಜಿನ ಕೂಗಾಟವಿಲ್ಲ. ಮನುಷ್ಯನಿಗೆ ಪ್ರತಿಯಾಗಿ ಮನುಷ್ಯನೇ ಸಂದಾಯ.

ಈ ವ್ಯಾಪಾರದ ಒಳಗುಟ್ಟು ಅಲ್ಲಿಯ ಸೇವಾನಿಯಮದಲ್ಲಿದೆ. ಮೇಜರ್ ಲೀಗನ್ನು ಪ್ರವೇಶಿಸಿದ ತರುಣನು ಆರು ವರ್ಷಗಳ ಸೇವೆ ಮುಗಿಸುವ ತನಕ ತನ್ನ ತಂಡಕ್ಕೆ ಬದ್ಧನು. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ವೇತನ. ಬಳಿಕ ಪಂಚಾಯಿತಿಯ ಮೂಲಕ ಏರುವ ವೇತನ. ಆರು ತುಂಬಿದ ಮೇಲೆ ಅವನು ಸ್ವತಂತ್ರ, ಬೇಕಾದ ಕಡೆಗೆ ಹೋಗಬಹುದು. ಆದ್ದರಿಂದ ಈ ವರ್ಷವೇ ಗೆಲ್ಲಬೇಕೆನ್ನುವ ತಂಡಕ್ಕೆ ಪಳಗಿದ ಹಿರಿಯನು ಬೇಕು. ಐದು ವರ್ಷದಾಚೆಗೆ ಕಣ್ಣಿಟ್ಟ ತಂಡಕ್ಕೆ ಅಗ್ಗದ, ಬೆಳೆಯುವ ಕಿರಿಯನು ಬೇಕು. ಇಬ್ಬರಿಗೂ ಲಾಭವೆಂಬುದು ತತ್ತ್ವ. ಈ ಲೆಕ್ಕದಲ್ಲಿ ‘ಹಿರಿಯ’ ಎಂದರೆ ನರೆತ ಕೂದಲಿನವನೆಂದು ವಾಚಕರು ಭಾವಿಸಬಾರದು. ಸೇಲ್‌ನನ್ನು ಕೊಟ್ಟಾಗ ಅವನಿಗಿನ್ನೂ ಇಪ್ಪತ್ತೇಳು.

ತತ್ತ್ವವು ಫಲಿಸಿದ ನಿದರ್ಶನಗಳಲ್ಲಿ ಬಹು ಪ್ರಸಿದ್ಧವಾದುದು 1987ರದು. ಪ್ರಶಸ್ತಿಯ ಬೆನ್ನು ಹತ್ತಿದ್ದ ಡೆಟ್ರಾಯಿಟ್ ತಂಡ ಆ ಆಗಸ್ಟಿನಲ್ಲಿ ಅಟ್ಲಾಂಟಾದಿಂದ ಡಾಯ್ಲ್ ಅಲೆಗ್ಸಾಂಡರ್ ಎಂಬ ಮೂವತ್ತಾರರ ಪಿಚರನ್ನು ಪಡೆಯಿತು. ಆತ ಬಂದವನೇ ಒಂಬತ್ತು ಪಂದ್ಯ ಗೆದ್ದ, ಒಂದನ್ನೂ ಸೋಲಲಿಲ್ಲ. ಡೆಟ್ರಾಯಿಟ್ ತನ್ನ ವಿಭಾಗದಲ್ಲಿ ಮೊದಲಾಯಿತು, ಮುಂದಿನ ಸುತ್ತಿನಲ್ಲಿ ಸೋತಿತು. ಅವನಿಗೆ ಬದಲಾಗಿ ಅಟ್ಲಾಂಟಾ ಪಡೆದದ್ದು ಹೆಸರಿಲ್ಲದ ಇಪ್ಪತ್ತರ ಹುಡುಗನೊಬ್ಬನನ್ನು. ಮಿಷಿಗನ್ನಿನಲ್ಲೇ ಬೆಳೆದು ಡೆಟ್ರಾಯಿಟ್ ತಂಡವನ್ನೇ ಆರಾಧಿಸುತ್ತಿದ್ದ ಜಾನ್ ಸ್ಮೋಲ್ಟ್ಸ್ ಎಂಬವನನ್ನು. ಆ ಹುಡುಗ ಅಟ್ಲಾಂಟಾದ ಪರವಾಗಿ ಎರಡು ದಶಕ ಆಡಿ, ಒಟ್ಟು 213 ಗೆಲುವುಗಳನ್ನು ಗಳಿಸಿ, 2015ರಲ್ಲಿ ಕೀರ್ತಿಭವನವನ್ನು ಪ್ರವೇಶಿಸಿದ. ಡೆಟ್ರಾಯಿಟ್ ಮೋಸ ಹೋಯಿತೆಂದು ಹೇಳುವವರುಂಟು. ನನಗೆ ಹಾಗೆನಿಸುವುದಿಲ್ಲ. ಅಲೆಗ್ಸಾಂಡರನಿಲ್ಲದೆ ಅವರಿಗೆ ಆ ಶರತ್ಕಾಲದ ಉತ್ಸವವೇ ಇರುತ್ತಿರಲಿಲ್ಲ.

ಶಿಕಾಗೋ ನಗರದಲ್ಲಿ ಎರಡು ತಂಡಗಳು: ಉತ್ತರ ಭಾಗಕ್ಕೆ ಕಬ್ಸ್, ದಕ್ಷಿಣ ಭಾಗಕ್ಕೆ ವೈಟ್ ಸಾಕ್ಸ್. ದಾಯಾದಿ ಮತ್ಸರವೆಂದರೆ ಹೀಗಿರಬೇಕು! 1908ರಿಂದ ಪಟ್ಟವನ್ನೇ ಕಾಣದ ಕಬ್ಸ್ ತಂಡ 2012ರಲ್ಲಿ ಥಿಯೋ ಎಪ್‌ಸ್ಟೈನ್ ಎಂಬ ಯುವ ಆಡಳಿತಗಾರನ ಕೈಕೆಳಗೆ 101 ಪಂದ್ಯ ಸೋತಿತು. ಸೋಲುತ್ತಲೇ ಹಿರಿಯರನ್ನು ಒಬ್ಬೊಬ್ಬರಾಗಿ ಕಳುಹಿಸಿತು. ಮೂವತ್ತೈದರ ರಯನ್ ಡೆಂಪ್ಸ್‌ಟರನನ್ನು ಟೆಕ್ಸಾಸಿಗೆ ಕೊಟ್ಟಾಗ ಬಂದವರಲ್ಲಿ ಕೈಲ್ ಹೆಂಡ್ರಿಕ್ಸ್ ಒಬ್ಬ. ಅವನ ಹೆಸರು ಆಗ ಯಾರ ಬಾಯಲ್ಲೂ ಇರಲಿಲ್ಲ. ಮರುವರ್ಷ ಸ್ಕಾಟ್ ಫೆಲ್ಡ್‌ಮನ್ನನನ್ನು ಕೊಟ್ಟಾಗ ಬಂದವನು ಬಾಲ್ಟಿಮೋರಿನಲ್ಲಿ ಎಡವುತ್ತಿದ್ದ ಜೇಕ್ ಅರಿಯೆಟಾ. ಅರಿಯೆಟಾ 2015ರಲ್ಲಿ ಸೈ ಯಂಗ್ ಪ್ರಶಸ್ತಿ ಪಡೆದ. ಹೆಂಡ್ರಿಕ್ಸ್ 2016ರಲ್ಲಿ ಎದುರಾಳಿಗೆ ರನ್ ಕೊಡುವುದರಲ್ಲಿ ದೇಶಕ್ಕೇ ಜಿಪುಣನೆನಿಸಿ, ಆ ನವೆಂಬರ್ 2ರಂದು ವಿಶ್ವ ಸರಣಿಯ ಏಳನೆಯ, ಅಂದರೆ ಅಂತಿಮ, ಪಂದ್ಯದಲ್ಲಿ ತನ್ನ ತಂಡದ ಮೊದಲ ಚೆಂಡನ್ನೆಸೆದ. ಅಂದು 108 ವರ್ಷಗಳ ಬರ ಹಿಂಗಿತು.

ಆದರೆ ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಮರೆಯುವ ಎರಡು ಸಂಗತಿಗಳಿವೆ. ಚಿಗುರು ಬಲಿತೊಡನೆ ಕಬ್ಸ್ ಆಡಳಿತದವರು ಹಣದ ಚೀಲ ಬಿಚ್ಚಿದರು. ಜಾನ್ ಲೆಸ್ಟರ್ ಎಂಬ ಪಳಗಿದ ಪಿಚರನಿಗೆ 15 ಕೋಟಿ 50 ಲಕ್ಷ ಡಾಲರುಗಳ ಕರಾರು ಬರೆದುಕೊಟ್ಟರು. 2016ರ ಜುಲೈನಲ್ಲಿ, ತಾವು ಜೋಪಾನ ಮಾಡಿದ್ದ ಗ್ಲೇಬರ್ ಟೊರೆಸ್ ಎಂಬ ಉತ್ತಮ ತರುಣನನ್ನೇ ಕೊಟ್ಟು ಚಾಪ್‌ಮನ್ ಎಂಬ ವೇಗದ ಪಿಚರನ್ನು ತಂದರು. ಮಾರುವ ಕಾಲವೂ ಕೊಳ್ಳುವ ಕಾಲವೂ ಅವರಿಗೆ ಗೊತ್ತಿತ್ತು. ಎರಡನೆಯದು, ಆ ಏಳನೆಯ ಪಂದ್ಯದಲ್ಲಿ ಹೋಂ ರನ್ ಹೊಡೆದವರಲ್ಲಿ ಡೇವಿಡ್ ರಾಸ್ ಎಂಬ ಮೂವತ್ತೊಂಬತ್ತರ ಕ್ಯಾಚರನೂ ಒಬ್ಬ. ತರುಣರ ತಂಡವೆಂದು ಹೆಸರಾದವರ ನಡುವೆ ಮುಪ್ಪಿನ ಹೊಸ್ತಿಲಲ್ಲಿದ್ದ ಈ ಮನುಷ್ಯನನ್ನು ಅವರು ಬೇಕೆಂದೇ ಇಟ್ಟುಕೊಂಡಿದ್ದರು.

ಪಕ್ಕದ ಮನೆಯ ಹಬ್ಬದೂಟದ ಕಂಪು ಗೋಡೆ ದಾಟಿ ಬಾರದಿರುತ್ತದೆಯೇ? ಕಬ್ಸ್ ಗೆದ್ದು ಐದು ವಾರ ತುಂಬುವ ಮೊದಲೇ ವೈಟ್ ಸಾಕ್ಸ್ ತಂಡದವರು ಸೇಲ್‌ನನ್ನು ಬಾಸ್ಟನ್ನಿಗೆ ಕೊಟ್ಟರು. (ಅವನೇನು ಸಾಧುವಲ್ಲ. ಆ ವರ್ಷವೇ ಹಳೆಯ ಮಾದರಿಯ ಅಂಗಿಗಳನ್ನು ತೊಡಲೊಲ್ಲದೆ ಅವುಗಳನ್ನು ಕತ್ತರಿಸಿ ಹಾಕಿ ಐದು ದಿನ ಅಮಾನತಾಗಿದ್ದ!) ಮರುದಿನ ಆಡಮ್ ಈಟನ್ ವಾಷಿಂಗ್ಟನ್ನಿಗೆ, 2017ರ ಜುಲೈನಲ್ಲಿ ಹೊಸೆ ಕಿಂಟಾನಾ, ಬೇರೆಲ್ಲಿಗೂ ಅಲ್ಲ, ಕಬ್ಸ್ ತಂಡಕ್ಕೇ. ಮೂವರನ್ನು ಕೊಟ್ಟು ಹನ್ನೊಂದು ಮಂದಿಯನ್ನು ಪಡೆದರು. ಅವರಲ್ಲಿ ಯೋವಾನ್ ಮೊಂಕಾಡಾ ದೇಶದ ತರುಣರಲ್ಲಿ ಅಗ್ರಗಣ್ಯನೆನಿಸಿದ್ದವನು. ಬಾಸ್ಟನ್ ಅವನ ಸಹಿಗೇ 3 ಕೋಟಿ 15 ಲಕ್ಷ ಡಾಲರ್ ತೆತ್ತಿತ್ತು. ನೂರು ಮೈಲಿ ವೇಗ ಮೀರಿ ಎಸೆಯುವ ಮೈಕಲ್ ಕೋಪೆಕ್, ಲೂಕಾಸ್ ಜಿಯೊಲಿಟೊ, ಡಿಲನ್ ಸೀಸ್, ಎಲೋಯ್ ಹಿಮೆನೆಸ್ — ಒಬ್ಬರಿಗಿಂತ ಒಬ್ಬರು. ಪತ್ರಿಕೆಗಳು ಕೊಂಡಾಡಿದವು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಲಾಯಿತು.

ಕೂಸು ಹುಟ್ಟಲೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2018ರಲ್ಲಿ ನೂರು ಸೋಲುಗಳನ್ನು ಸಹಿಸಿದ ಮೇಲೆ, 2020ರಲ್ಲಿಯೂ 2021ರಲ್ಲಿಯೂ ತಂಡ ಕೊನೆಯ ಘಟ್ಟವನ್ನು ತಲುಪಿತು. 2021ರಲ್ಲಿ 93 ಪಂದ್ಯ ಗೆದ್ದಿತು. ಎರಡು ಸಲವೂ ತಾನಾಡಿದ ಮೊದಲ ಸುತ್ತಿನಲ್ಲೇ ಮುಗ್ಗರಿಸಿತು. ಕೋಪೆಕ್ ನಾಲ್ಕೇ ಪಂದ್ಯಗಳನ್ನಾಡಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದ. ಹಿಮೆನೆಸ್ ಅಭ್ಯಾಸಪಂದ್ಯದಲ್ಲಿ ಗೋಡೆಯಾಚೆಗೆ ಹೋಗುವ ಚೆಂಡಿಗೆ ಹಾರಿ ಎದೆಯ ಸ್ನಾಯು ಹರಿದುಕೊಂಡ. ದೈವವನ್ನೊಂದನ್ನೇ ದೂರುವಂತಿಲ್ಲ. ಕಬ್ಸ್ ತೋರಿದ ಎರಡನೆಯ ಹೆಜ್ಜೆಯನ್ನು, ಎಂದರೆ ಸಕಾಲದಲ್ಲಿ ಚೀಲ ಬಿಚ್ಚುವುದನ್ನು, ಇವರು ಅಳುಕುತ್ತಲೇ ಇಟ್ಟರು. ಕೊರತೆಯಿದ್ದ ಸ್ಥಾನಗಳನ್ನು ತುಂಬಲು ತಮ್ಮ ಕಿರಿಯರ ಪಾಳೆಯದಿಂದ ಸಾಕಷ್ಟು ಮಂದಿ ಏಳಲೂ ಇಲ್ಲ. 2023ರಲ್ಲಿ 101 ಸೋಲು. ಆ ಆಗಸ್ಟಿನಲ್ಲಿ ಈ ಯೋಜನೆಯ ಕರ್ತೃಗಳಾದ ಕೆನ್ನಿ ವಿಲಿಯಮ್ಸ್, ರಿಕ್ ಹಾನ್ ಇಬ್ಬರನ್ನೂ ಕೆಲಸದಿಂದ ತೆಗೆದುಹಾಕಲಾಯಿತು. ಜಿಯೊಲಿಟೊ ಹೋದ, ಸೀಸ್ ಹೋದ, 2024ರ ಜುಲೈನಲ್ಲಿ ಹಿಮೆನೆಸ್ ಕೋಪೆಕ್ ಇಬ್ಬರೂ ಹೋದರು. ಆ ಅಕ್ಟೋಬರಿನಲ್ಲಿ ಕೋಪೆಕ್ ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದವನಾಗಿ ವಿಶ್ವ ಸರಣಿಯ ವಿಜೇತರ ನಡುವೆ ನಿಂತಿದ್ದ. ಅತ್ತ ಸೇಲ್ 2018ರಲ್ಲೇ ಬಾಸ್ಟನ್ನಿಗೆ ವಿಶ್ವ ಸರಣಿಯ ಕೊನೆಯ ವಿಕೆಟನ್ನು — ನಮ್ಮ ಭಾಷೆಯಲ್ಲಿ ಹೇಳುವುದಾದರೆ — ಒಪ್ಪಿಸಿಯಾಗಿತ್ತು. ಬಾಸ್ಟನ್ನಿನವರೂ ಮುಂದೆ ಅವನು ಸವೆದನೆಂದು ಬಗೆದು, 2023ರ ಕೊನೆಗೆ ಒಬ್ಬ ತರುಣನಿಗಾಗಿ ಅವನನ್ನು ಅಟ್ಲಾಂಟಾಕ್ಕೆ ಕೊಟ್ಟರು. ಸವೆದವನು ಮರುವರ್ಷ ಏನು ಮಾಡಿದನೆಂಬುದನ್ನು ಆಗಲೇ ಹೇಳಿದ್ದೇನೆ.

ತರಗತಿಯಲ್ಲಿ ಹತ್ತು ವರ್ಷ ಪಾಠ ಹೇಳಿದವನಿಗೆ ಈ ಭರವಸೆಯ ತರುಣರ ಲೆಕ್ಕಾಚಾರ ಅಪರಿಚಿತವೇನಲ್ಲ. ಮೊದಲ ವರ್ಷ ಕಣ್ಣು ಕೋರೈಸಿದವನು ಮೂರನೆಯ ವರ್ಷಕ್ಕೆ ಮಸುಳುತ್ತಾನೆ. ಹಿಂದಿನ ಬೆಂಚಿನ ಮೌನಿಯೊಬ್ಬ ಎದ್ದು ನಿಲ್ಲುತ್ತಾನೆ. ಮೊಂಕಾಡಾನ ಕೀರ್ತಿಯ ಕಾಲುಭಾಗವೂ ಇಲ್ಲದೆ ಬಂದ ಹೆಂಡ್ರಿಕ್ಸನೇ ಕೊನೆಗೆ ಪಟ್ಟದ ದಿನ ಚೆಂಡು ಹಿಡಿದದ್ದು.

ಪಂಪಭಾರತದಲ್ಲಿ ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟ ಕಟ್ಟುವಾಗ ಕರ್ಣನು ಅಜ್ಜನ ಮುಪ್ಪನ್ನು ಹಂಗಿಸುವ ಪ್ರಸಂಗ ನಮಗೆಲ್ಲ ಗೊತ್ತು. ಅದೇ ಮುಪ್ಪು ಹತ್ತು ದಿನ ಪಾಂಡವರನ್ನು ನಡುಗಿಸಿತು. ಮುಪ್ಪನ್ನು ಇಟ್ಟುಕೊಳ್ಳುವುದರ ಪ್ರಯೋಜನವನ್ನು ವೈಟ್ ಸಾಕ್ಸ್ ಸಹ ಅರಿಯದಿರಲಿಲ್ಲ. ಎಲ್ಲರನ್ನೂ ಕಳುಹಿಸಿದ ಆ ವರ್ಷಗಳಲ್ಲಿ ಅವರು ಹೊಸೆ ಅಬ್ರೆಯು ಎಂಬ ಕ್ಯೂಬಾದ ದಾಂಡಿಗನನ್ನು ಬಿಟ್ಟುಕೊಡಲಿಲ್ಲ. ಮೊಂಕಾಡಾನೂ ಅದೇ ದ್ವೀಪದಿಂದ ಬಂದವನು. ನಾಡು, ನುಡಿ ಎರಡೂ ಹೊಸದಾದ ಎಳೆಯನಿಗೆ ತನ್ನ ಭಾಷೆಯ ಅಣ್ಣನೊಬ್ಬ ಪಕ್ಕದಲ್ಲಿದ್ದುದರ ಬೆಲೆಯನ್ನು ಯಾವ ಅಂಕಿ ಅಳೆದೀತು? ಅಬ್ರೆಯು 2020ರಲ್ಲಿ ತನ್ನ ಲೀಗಿನ ಅತ್ಯುತ್ತಮ ಆಟಗಾರನೂ ಆದ. 2022ರ ತರುವಾಯ ಅವನು ಹ್ಯೂಸ್ಟನ್ನಿಗೆ ಹೋದ. ಅಲ್ಲಿ ಅವನ ದಾಂಡು ಮೊಂಡಾಯಿತೆಂಬುದೂ ನಿಜ, ಲೆಕ್ಕದ ಪ್ರಕಾರ ಅವನನ್ನು ಬಿಟ್ಟದ್ದು ತಪ್ಪಲ್ಲ. ಆದರೂ ನಮ್ಮ ಮಲೆನಾಡಿನ ಅಡಕೆ ತೋಟದವರು ಹಳೆಯ ಮರಗಳ ನಡುವೆಯೇ ಸಸಿ ನೆಟ್ಟು, ಸಸಿ ಫಲಕ್ಕೆ ಬಂದ ಮೇಲಷ್ಟೆ ಹಳೆಯದನ್ನು ಉರುಳಿಸುತ್ತಾರೆ. ಬಯಲಲ್ಲಿ ನೆಟ್ಟ ಅಡಕೆ ಸಸಿ ಬಿಸಿಲಿಗೆ ಸೀಯುತ್ತದೆ.

ಕೊಡಲ್ಪಡುವವನ ಮನಸ್ಸನ್ನು ಯಾರಾದರೂ ಕೇಳುತ್ತಾರೆಯೇ? 1969ರಲ್ಲಿ ಸೇಂಟ್ ಲೂಯಿ ತಂಡ ತನ್ನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟಾಗ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರ ಹೋಗಲೊಲ್ಲೆನೆಂದ. ಕೊಳ್ಳುವ ಕೊಡುವ ಸೊತ್ತು ತಾನಲ್ಲವೆಂದು ಪತ್ರ ಬರೆದು ನ್ಯಾಯಾಲಯದ ಮೆಟ್ಟಿಲೇರಿದ. 1972ರಲ್ಲಿ ಸರ್ವೋಚ್ಚ ನ್ಯಾಯಾಲಯ 5–3ರ ಬಹುಮತದಿಂದ ಅವನ ವಿರುದ್ಧ ತೀರ್ಪಿತ್ತಿತು; ಅವನ ಆಟದ ಬಾಳು ಅಲ್ಲಿಗೆ ಮುಗಿದಿತ್ತು. ಆದರೆ ತರುವಾಯ ಬಂದ ನಿಯಮದಂತೆ, ಮೇಜರ್ ಲೀಗಿನಲ್ಲಿ ಹತ್ತು ವರ್ಷ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಸೇವೆ ಸಲ್ಲಿಸಿದವನನ್ನು ಅವನ ಒಪ್ಪಿಗೆಯಿಲ್ಲದೆ ಎಲ್ಲಿಗೂ ಕಳುಹಿಸುವಂತಿಲ್ಲ. ಹಿರಿತನಕ್ಕೆ ಅಷ್ಟಾದರೂ ಮರ್ಯಾದೆ ಸಂದಿತು.

ಇನ್ನು ‘ಜೀರ್ಣೋದ್ಧಾರ’ದ ಹೆಸರಿನಲ್ಲಿ ವೆಚ್ಚ ಉಳಿಸಿಕೊಳ್ಳುವ ಮಾಲೀಕರ ಕಥೆ ಬೇರೆ. ಫ್ಲಾರಿಡಾ ಮಾರ್ಲಿನ್ಸ್ 1997ರಲ್ಲಿ ವಿಶ್ವ ಸರಣಿ ಗೆದ್ದು, ಗೆದ್ದವರನ್ನೆಲ್ಲ ಹಂಚಿಬಿಟ್ಟು, 1998ರಲ್ಲಿ 108 ಪಂದ್ಯ ಸೋತಿತು. ಸೋತವರಿಗೆ ಹೊಸ ಪ್ರತಿಭೆಗಳ ಆಯ್ಕೆಯಲ್ಲಿ ಮೊದಲ ಸರದಿ ಸಿಗುತ್ತಿದ್ದುದರಿಂದ ಸೋಲೂ ಲಾಭವಾಗಿತ್ತು. ಈಗ ಆ ಬಾಗಿಲು ಅರೆ ಮುಚ್ಚಿದೆ. ಆಯ್ಕೆಯ ಸರದಿಗೆ ಚೀಟಿ ಎತ್ತುವ ಪದ್ಧತಿ ಬಂದಿದೆ. ದೊಡ್ಡ ನಗರದ ತಂಡಕ್ಕೆ ಸತತ ಎರಡು ವರ್ಷ ಅದರಲ್ಲಿ ಪಾಲಿಲ್ಲ. ಆದುದರಿಂದ 121 ಪಂದ್ಯ ಸೋತ ವೈಟ್ ಸಾಕ್ಸ್ ತಂಡಕ್ಕೆ 2025ರಲ್ಲಿ ದೊರೆತದ್ದು ಹತ್ತನೆಯ ಸರದಿ.

ಹಾಗಾದರೆ ಸೇಲ್‌ನನ್ನು ಕೊಟ್ಟದ್ದು ತಪ್ಪೇ? ಇಷ್ಟೆಲ್ಲ ಓದಿದ ಮೇಲೂ ನಾನು ಹಾಗೆನ್ನಲಾರೆ. ಅವನಿದ್ದಾಗಲೂ ಆ ತಂಡ ಸೋಲುತ್ತಲೇ ಇತ್ತು. ಒಬ್ಬನ ಕೈ ಎಷ್ಟು ಭಾರ ಎತ್ತೀತು? ಕೊಟ್ಟದ್ದು ಸರಿ. ಕೊಟ್ಟು ಪಡೆದವರು ಬಲಿತ ಮೇಲೆ ಅವರ ಸುತ್ತ ಮನೆ ಕಟ್ಟದೆ ಹೋದದ್ದು ತಪ್ಪು. ಆ ತಪ್ಪಿನ ದಂಡ ತೆತ್ತವರು, ಸೇಲ್‌ನ ಹೆಸರಿನ ಅಂಗಿ ಕೊಡಿಸಿ, ಮೊಂಕಾಡಾನ ಹೆಸರಿನ ಅಂಗಿ ಕೊಡಿಸಿ, ಮಕ್ಕಳ ಕೈ ಹಿಡಿದು ಎಂಟು ಬೇಸಿಗೆ ಆ ಕ್ರೀಡಾಂಗಣಕ್ಕೆ ಹೋದ ದಕ್ಷಿಣ ಶಿಕಾಗೋದ ಸಂಸಾರಗಳು. ಆಟಗಾರರಿಗೆ ಬೇರೆ ಊರು ಸಿಕ್ಕಿತು. ಆ ಮಕ್ಕಳಿಗೆ ಬೇರೆ ಬಾಲ್ಯ ಸಿಗುವುದಿಲ್ಲ.

2024ರ ಡಿಸೆಂಬರಿನಲ್ಲಿ ವೈಟ್ ಸಾಕ್ಸ್ ತಂಡದವರು ಗ್ಯಾರೆಟ್ ಕ್ರೋಷೆ ಎಂಬ ಇಪ್ಪತ್ತೈದರ ಎಡಗೈ ಪಿಚರನ್ನು, ಪುನಃ ಅದೇ ಬಾಸ್ಟನ್ನಿಗೆ, ಪುನಃ ನಾಲ್ವರು ತರುಣರಿಗೆ ಪ್ರತಿಯಾಗಿ ಕೊಟ್ಟರು. 2025ರಲ್ಲಿ ಕ್ರೋಷೆ 18 ಪಂದ್ಯ ಗೆದ್ದು 255 ದಾಂಡಿಗರನ್ನು ಬರಿಗೈಯಲ್ಲಿ ಹಿಂದಕ್ಕಟ್ಟಿದ. ವೈಟ್ ಸಾಕ್ಸ್ 102 ಪಂದ್ಯ ಸೋತಿತು. ಬಂದ ನಾಲ್ವರಲ್ಲಿ ಕೈಲ್ ಟೀಲ್, ಚೇಸ್ ಮೈಡ್ರಾತ್ ಮೊದಲಾದವರು ಆ ವರ್ಷವೇ ಶಿಕಾಗೋದ ಅಂಗಿ ತೊಟ್ಟು ಮೈದಾನಕ್ಕಿಳಿದರು.